ಚಂದಮಾಮ ಬಾರದ ತಿಂಗಳು

ತಿಂಗಳು ತಿಂಗಳೂ ಮನೆಗೆ ಬರುವ ಪತ್ರಿಕೆಯನ್ನು ನೆಂಟನಿಗೆ ಹೋಲಿಸುವ ವಾಡಿಕೆಯುಂಟು. ಈ ಹೋಲಿಕೆ ನನಗೆ ಎಂದೂ ಸರಿಬಿದ್ದಿಲ್ಲ. ನೆಂಟನು ಬರುವುದಕ್ಕೆ ಮುಂಚೆ ಕಾಗದ ಬರೆಯುತ್ತಾನೆ. ಬಂದಮೇಲೆ ಎರಡು ಹೊತ್ತಿನ ಅಡಿಗೆಯನ್ನು ಹೆಚ್ಚಿಸುತ್ತಾನೆ. ಹೊರಡುವಾಗ ಮಕ್ಕಳ ಕೈಗೆ ಏನಾದರೂ ಇಟ್ಟು ಹೋಗುತ್ತಾನೆ. ಪತ್ರಿಕೆಯಾದರೋ ಹಾಲು ಹಾಕುವವನ ಹಾಗೆ. ಬರುತ್ತಿರುವಷ್ಟು ಕಾಲ ಅದು ಬಂದುದೇ ಯಾರ ಗಮನಕ್ಕೂ ಬಾರದು. ಬಾರದೆ ನಿಂತ ದಿನ ಮನೆಮಂದಿಯೆಲ್ಲ ಬಾಗಿಲಿಗೆ ಬಂದು ಬೀದಿಯ ಆ ಕೊನೆ ಈ ಕೊನೆ ನೋಡುವರು. ಆಗಲಾದರೂ ನಾವು ಚಿಂತಿಸುವುದು ನಮ್ಮ ಕಾಫಿಯ ವಿಷಯವನ್ನೇ ಹೊರತು ಅವನ ಮನೆಯ ಹಸುವಿನ ವಿಷಯವನ್ನಲ್ಲ.

ಈ ಕೊನೆಯ ಮಾತು ನನ್ನದಲ್ಲ. ಪಿರಿಯಾಪಟ್ಟಣದಲ್ಲಿದ್ದ ನಮ್ಮ ಸೋದರತ್ತೆಯದು. ಆಕೆ ಅದನ್ನು ಆಡಿದ್ದು 1998ನೆಯ ಇಸವಿಯ ಕಾರ್ತಿಕ ಮಾಸದಲ್ಲಿ, 'ಚಂದಮಾಮ' ಪತ್ರಿಕೆ ನಿಂತುಹೋದ ಸಂದರ್ಭದಲ್ಲಿ. ಅದಾಗಿ ಇಪ್ಪತ್ತೈದು ವರ್ಷಗಳ ಮೇಲೆ, ಅಮೆರಿಕೆಯ ಒಂದು ಆಟದ ಕಂಪನಿಯವರು ತಮ್ಮ ನೌಕರರನ್ನು ಬಿಡಿಸಿದ ಸುದ್ದಿ ನಮ್ಮ ಹುಣಸೂರಿನ ಮನೆಯ ಜಗಲಿಯವರೆಗೆ ಬಂದಾಗ ಆ ಮಾತು ನೆನಪಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

'ಚಂದಮಾಮ'ನ ಪೂರ್ವೋತ್ತರವನ್ನು ಇಂದಿನ ಮಕ್ಕಳಿಗಾಗಿ ನಾಲ್ಕು ಮಾತಿನಲ್ಲಿ ಹೇಳಬೇಕು. 1947ನೆಯ ಜುಲೈ ತಿಂಗಳಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಒಂದು ತಿಂಗಳು ಮುಂಚೆ, ಬಿ. ನಾಗಿರೆಡ್ಡಿಯವರೂ ಚಕ್ರಪಾಣಿಯವರೂ ಸೇರಿ ಮದರಾಸಿನಲ್ಲಿ ಇದನ್ನು ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಹೊರಡಿಸಿದರು. 1949ರಲ್ಲಿ ಕನ್ನಡದ ಸಂಚಿಕೆ ಬಂದಿತು. 'ಪಾತಾಳ ಭೈರವಿ', 'ಮಾಯಾಬಜಾರ್' ಮುಂತಾದ ಚಲಚ್ಚಿತ್ರಗಳನ್ನು ತೆಗೆದ ಮಹನೀಯರೇ ಇವರು. ಆದುದರಿಂದ ಮಾಯೆ ಮಂತ್ರಗಳಿಗೆ ಪತ್ರಿಕೆಯಲ್ಲಿ ಬರಗಾಲವಿರಲಿಲ್ಲ. ತೆಲುಗಿನ ದೊಡ್ಡ ಕಾದಂಬರಿಕಾರರಾದ ಕೊಡವಟಿಗಂಟಿ ಕುಟುಂಬರಾಯರು 1980ರಲ್ಲಿ ತೀರಿಕೊಳ್ಳುವವರೆಗೂ ಅದರ ಸಂಪಾದಕತ್ವವನ್ನು ನೋಡಿಕೊಂಡರು. ಚಿತ್ರವು ಎಲ್ಲ ಭಾಷೆಗೂ ಒಂದೇ. ಮಾತು ಮಾತ್ರ ಆಯಾ ಭಾಷೆಯದು. ಹುಣಸೂರಿನ ಹುಡುಗನು ನೋಡಿ ಬೆಚ್ಚಿದ ಬೇತಾಳನನ್ನೇ ಅದೇ ತಿಂಗಳು ಗುಂಟೂರಿನ ಹುಡುಗನೂ ನೋಡಿ ಬೆಚ್ಚುತ್ತಿದ್ದನು.

ನಮ್ಮ ಮನೆತನದಲ್ಲಿ ಪತ್ರಿಕೆಗೆ ಪ್ರತಿ ಒಂದೇ. ಓದುವ ಮನೆಗಳು ನಾಲ್ಕು. ಮೈಸೂರಿನಿಂದ ಬರುವ ಬಸ್ಸಿನ ಮೇಲೆ ಕಟ್ಟು ಬಂದು ಹುಣಸೂರಿನಲ್ಲಿ ಇಳಿಯುತ್ತಿತ್ತು. ನಮ್ಮ ತಂದೆಯವರು ಕೊಂಡು ತರುವರು. ನಾವು ಮೂವರು ಮಕ್ಕಳು ಒಂದು ವಾರ ಅದನ್ನು ಹಿಡಿದೆಳೆದಾಡಿದ ಮೇಲೆ ಅದು ಪಿರಿಯಾಪಟ್ಟಣಕ್ಕೆ, ಸೋದರತ್ತೆಯ ಮನೆಗೆ, ಪ್ರಯಾಣ ಮಾಡುವುದು. ಅಲ್ಲಿಂದ ಯಾರಾದರೂ ಮದುವೆಗೋ ಕೋರ್ಟಿಗೋ ಹೋಗುವವರ ಚೀಲದಲ್ಲಿ ಕೃಷ್ಣರಾಜನಗರದ ತಾಲ್ಲೂಕಿನ ಸಾಲಿಗ್ರಾಮಕ್ಕೆ, ಚಿಕ್ಕಪ್ಪನವರ ಮನೆಗೆ. ನಮ್ಮ ಅಕ್ಕನನ್ನು ಹೆಗ್ಗಡದೇವನಕೋಟೆಗೆ ಕೊಟ್ಟ ಮೇಲೆ ಅದರ ಯಾತ್ರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕನು ವರ್ಷಕ್ಕೊಮ್ಮೆ ಹನ್ನೆರಡನ್ನೂ ಸೇರಿಸಿ ದಬ್ಬಳದಿಂದ ಹೊಲಿದು, ರಟ್ಟು ಹಾಕಿ, ಅಟ್ಟಕ್ಕೇರಿಸುವಳು. ಅಷ್ಟು ಹೊತ್ತಿಗೆ ಪ್ರತಿಯ ಮೇಲೆ ನಾಲ್ಕು ತಾಲ್ಲೂಕಿನ ಎಣ್ಣೆಯ ಕಲೆಗಳೂ ಕೂಡಿರುತ್ತಿದ್ದುವು. ಕಥೆಯೊಳಗಿನ ಕಾಡು ಎಂದರೆ ನಮಗೆ ಕಾಕನಕೋಟೆಯ ಕಾಡೇ. ಹೊಳೆ ಎಂದರೆ ನನಗೆ ಲಕ್ಷ್ಮಣತೀರ್ಥ, ಚಿಕ್ಕಪ್ಪನ ಮಕ್ಕಳಿಗೆ ಕಾವೇರಿ; ರಾಜಕುಮಾರನು ದಾಟಿದ್ದು ಯಾವ ಹೊಳೆಯನ್ನು ಎಂಬ ವಿಷಯವಾಗಿ ನಮ್ಮಲ್ಲಿ ಕೈ ಕೈ ಹತ್ತಿದ್ದೂ ಉಂಟು.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೇಸಾಯ ಹೆಚ್ಚಿದ ಮೇಲೆ ಅತ್ತೆಯ ಮನೆಯಲ್ಲಿಯೂ ಬ್ಯಾರನ್ ಕಟ್ಟಿಸಿದರು. ಕಂಡವರಿಗೆ ಹೇಳಬೇಕಾದುದಿಲ್ಲ, ಕಾಣದವರಿಗೆ ಹೇಳುತ್ತೇನೆ. ಸೊಪ್ಪನ್ನು ಕೋಲಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಹಗಲಿರುಳು ಉರಿ ಹಾಕಬೇಕು. ಉರಿ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಆದಕಾರಣ ರಾತ್ರಿಯೆಲ್ಲ ಯಾರಾದರೂ ಎಚ್ಚರವಾಗಿರಲೇಬೇಕು. ಅತ್ತೆಯು ಆ ಒಲೆಯ ಬೆಳಕಿನಲ್ಲಿ ಕುಳಿತು ಮೊಮ್ಮಕ್ಕಳಿಗೂ ಕೂಲಿಯಾಳುಗಳ ಮಕ್ಕಳಿಗೂ ಹಳೆಯ 'ಚಂದಮಾಮ'ಗಳಿಂದ ತ್ರಿವಿಕ್ರಮನ ಕಥೆಗಳನ್ನು ಓದುವಳು. ಹೆಣವನ್ನು ಹೆಗಲ ಮೇಲೆ ಹೊತ್ತ ರಾಜನೂ ಹೆಣದೊಳಗಿನ ಬೇತಾಳನೂ ಆ ಹೊತ್ತಿಗೂ ಆ ಜಾಗಕ್ಕೂ ಎಷ್ಟು ಒಪ್ಪುತ್ತಿದ್ದರೆಂದರೆ, ಹುಡುಗರು ಎದ್ದು ಒಳಗೆ ಹೋಗಿ ಮಲಗುವ ಧೈರ್ಯವಿಲ್ಲದೆ ಬೆಳಗಿನವರೆಗೂ ಉರಿ ಕಾಯುತ್ತಿದ್ದರು. ಭಯದಿಂದ ಇಷ್ಟು ಉಪಯೋಗವನ್ನು ಪಡೆದವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಹೀಗಿರುವಾಗ 1998ರಲ್ಲಿ ಪತ್ರಿಕೆ ನಿಂತಿತು. ಮದರಾಸಿನಲ್ಲಿ ಆಡಳಿತದವರಿಗೂ ಕೆಲಸಗಾರರಿಗೂ ವಿವಾದವೆಂದೂ ಅಚ್ಚು ನಿಂತಿದೆಯೆಂದೂ ವರ್ತಮಾನ ಬಂದಿತು. ಎರಡನೆಯ ತಿಂಗಳೂ ಬಾರದಿದ್ದಾಗ ಅತ್ತೆಯ ಮನೆಯಲ್ಲಿ ಒಂದು ನಾಮಕರಣಕ್ಕಾಗಿ ನಾವೆಲ್ಲರೂ ಸೇರಿದ್ದೆವು. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಾಗ ಮಾತು ಅಲ್ಲಿಗೆ ತಿರುಗಿತು.

ಚಿಕ್ಕಪ್ಪನವರದು ಬಿಸಿ ಸ್ವಭಾವ. "ಮಕ್ಕಳ ಪತ್ರಿಕೆಗೆ ತಗಾದೆ ಹೂಡುವವರುಂಟೆ? ಐವತ್ತು ವರ್ಷ ನಡೆದದ್ದನ್ನು ಕೆಡಿಸಿಬಿಟ್ಟರು. ಇನ್ನು ಅದು ಶುರುವಾದರೂ ಅಷ್ಟೆ, ನಾನಂತೂ ದುಡ್ಡು ಕೊಟ್ಟು ಕೊಳ್ಳುವವನಲ್ಲ" ಎಂದರು. ಇದುವರೆಗೆ ಅವರು ದುಡ್ಡು ಕೊಟ್ಟು ಕೊಂಡಿರಲಿಲ್ಲವೆಂಬುದನ್ನು ಯಾರೂ ಎತ್ತಿ ಆಡಲಿಲ್ಲ.

ಕೋಟೆಯ ಭಾವನವರು ಸಾಮಾನ್ಯವಾಗಿ ಹಿರಿಯರೆದುರಿಗೆ ಬಾಯಿ ತೆರೆಯತಕ್ಕವರಲ್ಲ. ಅವರು ಮೊದಲು ಒಂದು ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಂದು ದಿನ ಬೆಳಗಿನ ಪಾಳಿಗೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಆಮೇಲೆ ಊರಿಗೆ ಬಂದು ಒಂದು ಸೈಕಲ್ ಅಂಗಡಿ ಇಟ್ಟುಕೊಂಡು ಸಂಸಾರ ತೂಗಿಸಿದರು. ಅಂದು ಅವರು ಹೇಳಿದರು: "ಪತ್ರಿಕೆ ಮಕ್ಕಳದಾದರೆ ಅಚ್ಚು ಹಾಕುವವರೂ ಮಕ್ಕಳೇ, ಮಾವ? ಅವರ ಮನೆಯಲ್ಲಿಯೂ ಫೀಜು ಕಟ್ಟಬೇಕಾದ ಹುಡುಗರಿರುತ್ತಾರೆ. ಅಲ್ಲಿ ಯಾರದು ತಪ್ಪೋ ನಮಗೆ ಗೊತ್ತಿಲ್ಲ. ಆದರೆ ಬೀಗ ಬಿದ್ದ ಬಾಗಿಲ ಮುಂದೆ ನಿಲ್ಲುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತು." ಚಿಕ್ಕಪ್ಪನವರು ಸುಣ್ಣದ ಡಬ್ಬಿಯನ್ನು ಹುಡುಕತೊಡಗಿದರು.

ನನ್ನ ತಮ್ಮನು, ಮನೆಯಲ್ಲಿ ಮೂವತ್ತು ವರ್ಷದ ಸಂಚಿಕೆಗಳಿರುವಾಗ ಹೊಸದು ಬಂದರೇನು ಬಿಟ್ಟರೇನು, ಬೇತಾಳನೇನು ಮುದುಕನಾಗುವನೆ, ಎಂದನು. ಇದು ಬುದ್ಧಿವಂತರ ಮಾತು. ಇಂಥ ಮಾತಿಗೆ ಉತ್ತರವೂ ಇರುವುದಿಲ್ಲ, ಅದರಿಂದ ಸಮಾಧಾನವೂ ಆಗುವುದಿಲ್ಲ.

ಅತ್ತೆಯು ಇದನ್ನೆಲ್ಲ ಕೇಳಿಸಿಕೊಂಡು ಕೂತಿದ್ದಳು. ಹಾಲಿನವನ ಮಾತನ್ನು ಹೇಳಿದ್ದು ಆಗಲೇ. "ನೀವೆಲ್ಲ ನಿಮ್ಮ ಕಾಫಿಯ ಮಾತನ್ನೇ ಆಡುತ್ತೀರಿ. ಹಸುವಿಗೇನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಆ ಬೇತಾಳನನ್ನು ಬರೆಯುತ್ತಿದ್ದವರಿಗೆ ಈ ತಿಂಗಳು ಸಂಬಳ ಬಂದಿತೋ ಇಲ್ಲವೋ, ಪಾಪ. ಒಂದು ಕಾಗದ ಬರೆಯಪ್ಪ" ಎಂದು ನನ್ನ ಕಡೆ ತಿರುಗಿದಳು.

ಕಾಗದ ಬರೆಯುವುದೇನೋ ಸರಿ, ಯಾರಿಗೆಂದು ಬರೆಯುವುದು? ಚಿತ್ರದ ಮೂಲೆಯಲ್ಲಿ ಸಣ್ಣದಾಗಿ ಶಂಕರ್ ಎಂಬ ಹೆಸರಿರುತ್ತಿತ್ತು. ಮದರಾಸಿನ ವಡಪಳನಿಯ ವಿಳಾಸ ಪತ್ರಿಕೆಯಲ್ಲಿಯೇ ಅಚ್ಚಾಗಿತ್ತು. 'ಬೇತಾಳನ ಚಿತ್ರ ಬರೆಯುವ ಶಂಕರ್ ಅವರಿಗೆ' ಎಂದು ಒಂದು ಕಾರ್ಡು ಸಿದ್ಧವಾಯಿತು. ಅಷ್ಟರಲ್ಲಿ ಅತ್ತೆಗೆ ಇನ್ನೊಂದು ಯೋಚನೆ ಹೊಳೆಯಿತು. ಚಿತ್ರ ಬರೆದವರಿಗೆ ಬರೆದು ಕಥೆ ಹೇಳಿದವರಿಗೆ ಬರೆಯದಿದ್ದರೆ ಹೇಗೆ? ನಮಗೆ ಕನ್ನಡದಲ್ಲಿ ಕಥೆ ಹೇಳಿದವರು ಯಾರು? ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೂ ತಿರುವಿಹಾಕಿದೆವು. ಕಥೆಯ ಕೆಳಗೆ ಕನ್ನಡ ಮಾಡಿದವರ ಹೆಸರಿರಲಿಲ್ಲ. ಅತ್ತೆಯು ಹಿಂದಿನ ವರ್ಷಗಳದನ್ನೂ ತರಿಸಿದಳು, ಅಲ್ಲಿಯೂ ಇರಲಿಲ್ಲ. ಕಡೆಗೆ 'ಚಂದಮಾಮದಲ್ಲಿ ಕನ್ನಡ ಬರೆಯುವವರಿಗೆ' ಎಂದು ಎರಡನೆಯ ಕಾರ್ಡನ್ನು ಬರೆಯಿಸಿದಳು. ಒಕ್ಕಣೆ ಎರಡರಲ್ಲಿಯೂ ಒಂದೇ: ತಾವು ಕ್ಷೇಮವೆ, ಮನೆಯಲ್ಲಿ ಎಲ್ಲರೂ ಕ್ಷೇಮವೆ, ನಿಮ್ಮಿಂದ ನಮ್ಮ ಮಕ್ಕಳು ಓದು ಕಲಿತರು, ಎಲ್ಲಿದ್ದರೂ ಅನ್ನಕ್ಕೆ ಕೊರತೆಯಾಗದಿರಲಿ. ಎರಡಕ್ಕೂ ಉತ್ತರ ಬರಲಿಲ್ಲ. ಬರಬೇಕೆಂದು ಅತ್ತೆ ನಿರೀಕ್ಷಿಸಿಯೂ ಇರಲಿಲ್ಲ.

ಒಂದು ವರ್ಷದ ಮೇಲೆ, 1999ರ ಕೊನೆಯಲ್ಲಿ, ಪತ್ರಿಕೆ ಪುನಃ ಹೊರಟಿತು. ಚಿಕ್ಕಪ್ಪನವರು ಆಡಿದ ಮಾತಿಗೆ ತಪ್ಪಲಿಲ್ಲ, ಕೊಳ್ಳಲಿಲ್ಲ. ಓದುವುದಿಲ್ಲವೆಂದು ಅವರು ಹೇಳಿರಲಿಲ್ಲವಾದುದರಿಂದ ಪ್ರತಿ ಎಂದಿನಂತೆ ಸಾಲಿಗ್ರಾಮದ ಮೇಲೆಯೇ ಕೋಟೆಗೆ ಹೋಗುತ್ತಿತ್ತು. 2007ರಲ್ಲಿ ಮುಂಬಯಿಯ ಜಿಯೋಡೆಸಿಕ್ ಎಂಬ ಗಣಕಯಂತ್ರದ ವ್ಯವಹಾರದ ಕಂಪನಿಯು ಪತ್ರಿಕೆಯನ್ನು ಕೊಂಡಿತು. ಕಥೆಯನ್ನೆಲ್ಲ ಗಣಕಯಂತ್ರದ ಪರದೆಗೆ ತರುವರೆಂದು ಕೇಳಿ ಹುಡುಗರು ಹಿಗ್ಗಿದರು. ಮುಂದೆ ಆ ಕಂಪನಿಯೇ ಸಾಲದಲ್ಲಿ ಸಿಕ್ಕಿ ನ್ಯಾಯಸ್ಥಾನದ ಮೆಟ್ಟಿಲೇರುವಂತಾಯಿತು. 2013ರ ಹೊತ್ತಿಗೆ 'ಚಂದಮಾಮ' ಎಲ್ಲ ಭಾಷೆಗಳಲ್ಲಿಯೂ ನಿಂತೇಹೋಯಿತು. ಅತ್ತೆ ಅದನ್ನು ನೋಡಲು ಇರಲಿಲ್ಲ.

ನಿಂತಮೇಲೆ ಅಭಿಮಾನಿಗಳು ಮಾಡಿದ ಕೆಲಸ ಸಣ್ಣದಲ್ಲ. ಊರೂರುಗಳಲ್ಲಿ ಅಟ್ಟಗಳಿಂದ ಹಳೆಯ ಸಂಚಿಕೆಗಳನ್ನು ಇಳಿಸಿ, ಧೂಳು ಕೊಡವಿ, ಪುಟ ಪುಟವಾಗಿ ಪ್ರತಿಬಿಂಬ ತೆಗೆದು, ಬೇಕಾದವರು ಓದಿಕೊಳ್ಳಲೆಂದು ಇಟ್ಟರು. ಇದರಿಂದ ಕಥೆಗಳು ಉಳಿದುವು. ಆದರೆ ಆ ದಿನಗಳಲ್ಲಿ ನಾನು ಕೇಳಿದ ದುಃಖವೆಲ್ಲ ಬಹುಮಟ್ಟಿಗೆ ಒಂದೇ ಬಗೆಯದು: 'ನನ್ನ ಬಾಲ್ಯ ಹೋಯಿತು' ಎಂಬುದು. ಬಾಲ್ಯವು ಪತ್ರಿಕೆಯ ಜೊತೆಯಲ್ಲಿ ಹೋಗಲಿಲ್ಲ, ಸ್ವಾಮಿ. ಅದು ತನ್ನಷ್ಟಕ್ಕೆ ಎಂದೋ ಹೋಗಿತ್ತು. ಹೋದದ್ದು ಕೆಲವರ ಕೆಲಸ.

ಶಂಕರ್ ಅವರ ಪೂರ್ತಿ ಹೆಸರು ಕೆ. ಸಿ. ಶಿವಶಂಕರನ್ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. 1924ರಲ್ಲಿ ಹುಟ್ಟಿದ ಅವರು 1950ರ ದಶಕದ ಮೊದಲಿನಲ್ಲಿ ಪತ್ರಿಕೆಯನ್ನು ಸೇರಿ ಸುಮಾರು ಅರವತ್ತು ವರ್ಷ, ಅಂದರೆ ಪತ್ರಿಕೆಯ ಕೊನೆಗಾಲದವರೆಗೂ, ಅದಕ್ಕೇ ಚಿತ್ರ ಬರೆದರು. 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಸರಕಾರವು ಮರಣೋತ್ತರವಾಗಿ ಪದ್ಮಶ್ರೀ ಕೊಟ್ಟಿತು. ಅವರದಾದರೂ ಚಿತ್ರದ ಮೂಲೆಯಲ್ಲಿ ಹೆಸರಿತ್ತು. ದಾಸರಿ ಸುಬ್ರಹ್ಮಣ್ಯಂ ಎಂಬವರ ಸಂಗತಿಯನ್ನು ನೋಡಿರಿ. 'ತೋಕಚುಕ್ಕ', ಅಂದರೆ ಬಾಲಚುಕ್ಕಿ, ಮೊದಲಾಗಿ ತಿಂಗಳು ತಿಂಗಳೂ ಉಸಿರು ಬಿಗಿಹಿಡಿದು ಕಾಯುವಂತೆ ಮಾಡಿದ ಮಾಂತ್ರಿಕರ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ಅವರು. ಅರ್ಧ ಶತಮಾನಕ್ಕೂ ಮಿಕ್ಕಿ ಆ ಕಚೇರಿಯಲ್ಲಿ ಕುಳಿತು ಬರೆದರು. ಧಾರಾವಾಹಿಯ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. 2010ರಲ್ಲಿ ಅವರು ತೀರಿಕೊಂಡ ಮೇಲೆ ತೆಲುಗಿನ ಅಭಿಮಾನಿಗಳ ಕಳಕಳಿಯಿಂದ ಅವು ಅವರ ಹೆಸರಿನಲ್ಲಿಯೇ ಪುಸ್ತಕಗಳಾಗಿ ಬಂದುವು. ಕಥೆಯೇ ದೊಡ್ಡದು, ಬರೆದವನು ಮರೆಯಲ್ಲಿರಲಿ ಎಂಬುದು ಪುರಾಣಕಾಲದ ಸಂಪ್ರದಾಯವಿರಬಹುದು. ಆದರೆ ವ್ಯಾಸರು ತಿಂಗಳ ಸಂಬಳಕ್ಕೆ ಬರೆಯಲಿಲ್ಲ. ಸಂಬಳ ನಿಂತಾಗ, ಬರೆದವನಿಗೆ ಹೆಸರಿದ್ದರೆ ಮತ್ತೊಂದು ಬಾಗಿಲು ತಟ್ಟಬಹುದು. ಹೆಸರಿಲ್ಲದವನು, ಆ ಕಥೆ ನಾನೇ ಬರೆದದ್ದು ಎಂದರೆ ನಂಬುವವರಾರು?

ಈಗ ಅಮೆರಿಕೆಯ ಸಂಗತಿಗೆ ಬರೋಣ. 2023ರ ಡಿಸೆಂಬರಿನಲ್ಲಿ ನಮ್ಮ ಅಣ್ಣನ ಮೊಮ್ಮಗಳು ಮೈಸೂರಿನ ಕಾಲೇಜಿನಿಂದ ಹುಣಸೂರಿಗೆ ಬಂದಿದ್ದಳು. ಅಕ್ಕನೂ ಕೋಟೆಯಿಂದ ಬಂದಿದ್ದಳು. ಹುಡುಗಿಯ ಮುಖ ಸಪ್ಪಗಿರುವುದನ್ನು ಕಂಡು ಅಕ್ಕನು ಪರೀಕ್ಷೆಯ ವಿಷಯವನ್ನು ವಿಚಾರಿಸಿದಳು. ಪರೀಕ್ಷೆಯಲ್ಲ, ಅಜ್ಜಿ, ನಾವು ಆಡುವ ಆಟದವರನ್ನು ಕೆಲಸದಿಂದ ತೆಗೆದುಹಾಕಿದ್ದಾರೆ ಎಂದಳು. ಆಟಕ್ಕೆ ಕೆಲಸಗಾರರೇ, ಎಂದು ಅಕ್ಕನಿಗೆ ಆಶ್ಚರ್ಯ. ಆಗ ಹುಡುಗಿ ವಿವರಿಸಿದಳು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕೂಡುವುದು. ಒಬ್ಬನು ವೀರ, ಒಬ್ಬಳು ಮಾಂತ್ರಿಕಳು, ಒಬ್ಬನು ಚಾಣಾಕ್ಷನಾದ ಕಳ್ಳ, ಹೀಗೆ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಹಿಡಿಯುವುದು. ಇನ್ನೊಬ್ಬರು ಕಥೆ ನಡೆಸುವರು. ಗವಿಯ ಬಾಗಿಲಲ್ಲಿ ರಾಕ್ಷಸನಿದ್ದಾನೆ, ಏನು ಮಾಡುತ್ತೀರಿ ಎಂದು ಅವರು ಕೇಳಿದರೆ, ಪಾತ್ರಧಾರಿಗಳು ತಮಗೆ ತೋಚಿದಂತೆ ಮಾತಾಡಿ, ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಯಂತೆ ಗೆಲ್ಲುವರು ಅಥವಾ ಸೋಲುವರು. ರಾಕ್ಷಸರ ಬಲಾಬಲ, ಮಂತ್ರಗಳ ಕಟ್ಟುಪಾಡು, ಊರುಗಳ ನಕ್ಷೆ, ಇವನ್ನೆಲ್ಲ ಬರೆದ ದಪ್ಪ ದಪ್ಪ ಪುಸ್ತಕಗಳುಂಟು. ಕಂಪನಿಯವರು ಮುಖ್ಯವಾಗಿ ಮಾರುವುದು ಈ ಪುಸ್ತಕಗಳನ್ನೇ.

"ಹಾಗಾದರೆ ಇದು ಕುರುಕ್ಷೇತ್ರವೇ, ಬಾಯಿಪಾಠ ಒಂದಿಲ್ಲ" ಎಂದಳು ಅಕ್ಕ. ನಮ್ಮ ಕಡೆಯ ಹಳ್ಳಿಗಳ ಪೌರಾಣಿಕ ನಾಟಕವನ್ನು ಬಲ್ಲವರಿಗೆ ಈ ಮಾತಿನ ಸೊಗಸು ಗೊತ್ತಾಗುತ್ತದೆ. ಸುಗ್ಗಿ ಕಳೆದಮೇಲೆ ಊರವರು ತಾವೇ ಹಣ ಕಟ್ಟಿ ಪಾತ್ರ ಹಿಡಿಯುವರು. ದುರ್ಯೋಧನನ ಪಾತ್ರಕ್ಕೆ ಹಣ ಹೆಚ್ಚು. ಎತ್ತು ಮಾರ‍ಿ ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನಾದವರನ್ನು ನಾನೇ ಕಂಡಿದ್ದೇನೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಬಂದು ಪಾಠ ಹೇಳಿಕೊಡುವರು. ಕರಪತ್ರದಲ್ಲಿ ಮೇಷ್ಟರ ಹೆಸರು ದೊಡ್ಡ ಅಕ್ಷರದಲ್ಲಿ. ದ್ವಾರಪಾಲಕನ ಹೆಸರು ಕೂಡ ಬಿಟ್ಟುಹೋಗುವಂತಿಲ್ಲ, ಬಿಟ್ಟರೆ ನಾಟಕದ ದಿನವೇ ನಿಜವಾದ ಕುರುಕ್ಷೇತ್ರ. "ಮೇಷ್ಟರನ್ನೇ ಬಿಡಿಸಿದರೆ ನಾಟಕ ಆಡುವುದು ಹೇಗೆ?" ಎಂದು ಅಕ್ಕ ಕೇಳಿದಳು. ಹುಡುಗಿ ಹೇಳಿದಳು: "ಅದೇ, ಅಜ್ಜಿ. ನಾವು ಕೇಳುತ್ತಿರುವುದೂ ಅದನ್ನೇ."

ಆ ಆಟವನ್ನು 1974ರಲ್ಲಿ ಹೊರತಂದವರು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು. ಗೈಗ್ಯಾಕ್ಸನು ತಾನೇ ಕಟ್ಟಿದ ಕಂಪನಿಯಿಂದ 1985-86ರಲ್ಲಿ ಹೊರಬೀಳಬೇಕಾಯಿತೆಂದರೆ ಕೆಲಸ ಹೋಗುವ ಕಥೆ ಅಲ್ಲಿಯೂ ಹೊಸದಲ್ಲ. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯು ಆ ಕಂಪನಿಯನ್ನು ಕೊಂಡಿತು; 1999ರಲ್ಲಿ ಹ್ಯಾಸ್‌ಬ್ರೋ ಎಂಬ ಆಟಿಕೆಗಳ ದೊಡ್ಡ ಕಂಪನಿಯು ಕೊಂಡವರನ್ನೇ ಕೊಂಡಿತು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಪಂಚತಂತ್ರದ ಕಾಲದಿಂದಲೂ ನಡೆದದ್ದೇ. 2023ರ ಡಿಸೆಂಬರ್ 7ರಂದು, ಈ ಆಟವನ್ನೇ ಆಧಾರವಾಗಿಟ್ಟುಕೊಂಡು ಬೆಲ್ಜಿಯಂ ದೇಶದ ಲೇರಿಯನ್ ಎಂಬವರು ಮಾಡಿದ 'ಬಾಲ್ಡರ್ಸ್ ಗೇಟ್ 3' ಎಂಬ ಪರದೆಯ ಆಟಕ್ಕೆ ಆ ವರ್ಷದ ಅತ್ಯುತ್ತಮ ಆಟವೆಂಬ ಬಹುಮಾನ ಬಂದಿತು. ನಾಲ್ಕೇ ದಿನ ಕಳೆದು, 11ರಂದು, ಕ್ರಿಸ್ಮಸ್ ಹಬ್ಬಕ್ಕೆ ಇನ್ನೆರಡು ವಾರವಿರುವಾಗ, ಹ್ಯಾಸ್‌ಬ್ರೋ ಕಂಪನಿಯು ಸುಮಾರು 1,100 ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿತು. ಅದೇ ವರ್ಷ ಅದಕ್ಕೆ ಮುಂಚೆಯೇ 800 ಮಂದಿ ಹೋಗಿದ್ದರು. ಆಟಿಕೆಗಳ ಮಾರಾಟ ಇಳಿದುದೇ ಕಾರಣವೆಂದು ಹೇಳಿದರು. ಬಹುಮಾನಿತ ಆಟವನ್ನು ಮಾಡಿದ ಲೇರಿಯನ್ ಸಂಸ್ಥೆಯ ಮುಖ್ಯಸ್ಥ ಸ್ವೆನ್ ವಿಂಕೆ ಎಂಬವರು, ಮೊಟ್ಟಮೊದಲು ತಮ್ಮೊಡನೆ ಕುಳಿತು ಮಾತಾಡಿದ್ದ ಆ ಕಂಪನಿಯವರಲ್ಲಿ ಈಗ ಅಲ್ಲಿ ಹೆಚ್ಚುಕಡಮೆ ಯಾರೂ ಉಳಿದಿಲ್ಲವೆಂದು ಬಹಿರಂಗವಾಗಿಯೇ ವ್ಯಸನಪಟ್ಟರು.

ಅಭಿಮಾನಿಗಳು ಕೆರಳಿದರು. ಆಟಿಕೆ ಮಾರದಿದ್ದರೆ ನಮ್ಮ ಆಟದವರೇನು ಮಾಡಿದರು, ಲಾಭ ತರುತ್ತಿದ್ದ ವಿಭಾಗದವರನ್ನೇ ಏಕೆ ಕಳುಹಿಸಬೇಕು ಎಂಬುದು ಅವರ ಪ್ರಶ್ನೆ. ಈ ಅಭಿಮಾನಿಗಳ ಕೈಯಲ್ಲಿ ಬಲವಿಲ್ಲವೆಂದು ತಿಳಿಯಬಾರದು. ಅದೇ ವರ್ಷದ ಜನವರಿಯಲ್ಲಿ, ಬೇರೆಯವರು ಈ ಆಟಕ್ಕೆ ಪುಸ್ತಕ ಬರೆದು ಮಾರುವ ಹಕ್ಕನ್ನು ಬಿಗಿಗೊಳಿಸಲು ಕಂಪನಿಯು ಹೊರಟಾಗ, ಇವರು ಚಂದಾ ನಿಲ್ಲಿಸಿ ಅದನ್ನು ಹಿಂದೆಗೆಸಿದ್ದರು. ಆದರೆ ಹಕ್ಕನ್ನು ಹಿಂದೆಗೆಸಿದಷ್ಟು ಸುಲಭವಾಗಿ ಕೆಲಸವನ್ನು ಹಿಂದಕ್ಕೆ ಕೊಡಿಸಲಾಗದು. ಇನ್ನು ಈ ಕಂಪನಿಯ ಒಂದು ಕಾಗದವನ್ನೂ ಕೊಳ್ಳೆವು ಎಂದವರು ಅನೇಕರು. ನನಗೆ ಸಾಲಿಗ್ರಾಮದ ಚಿಕ್ಕಪ್ಪನವರು ಕಣ್ಣಮುಂದೆ ಬಂದರು.

ಈ ವಿಷಯದಲ್ಲಿ ಹುಡುಗಿಗೂ ಭಾವನವರಿಗೂ ಫೋನಿನಲ್ಲಿ ದೊಡ್ಡ ವಾದವೇ ಆಯಿತು. ಕೊಳ್ಳುವುದನ್ನು ನಿಲ್ಲಿಸಬೇಕೆಂಬುದು ಹುಡುಗಿಯ ಪಕ್ಷ. ಭಾವನವರು ಕೇಳಿದರು: "ಒಳಗೆ ಇನ್ನೂ ಉಳಿದವರಿದ್ದಾರಲ್ಲ ತಾಯಿ, ನೀವು ಕೊಳ್ಳದಿದ್ದರೆ ಬರುವ ವರ್ಷ ಅವರನ್ನೂ ಕಳುಹಿಸುತ್ತಾರೆ. ಆಗ ಯಜಮಾನರು ನಿಮ್ಮ ಹೆಸರನ್ನೇ ಹೇಳುತ್ತಾರೆ." ಕೊಂಡರೆ, ಬಿಡಿಸಿದ್ದು ಸರಿ ಎಂದಂತಾಗುವುದಿಲ್ಲವೆ ಎಂದಳು ಅವಳು. ಅದೂ ನಿಜ. ನಾನು ಇಬ್ಬರ ಮಾತನ್ನೂ ಕೇಳಿದೆ. ಇಂದಿಗೂ ಇಬ್ಬರಲ್ಲಿ ಯಾರೂ ಸೋತಂತೆ ನನಗೆ ಕಾಣುವುದಿಲ್ಲ. ಗಿರಣಿಯ ಬಾಗಿಲಲ್ಲಿ ನಿಂತು ಬಂದವರಿಗೆ ಉಳಿದವರ ಚಿಂತೆ ಸಹಜ. ಹತ್ತೊಂಬತ್ತು ವರ್ಷದವಳಿಗೆ ನ್ಯಾಯದ ಚಿಂತೆ ಸಹಜ.

ಆದರೆ ಆ ಅಭಿಮಾನಿಗಳು ಮಾಡಿದ ಇನ್ನೊಂದು ಕೆಲಸಕ್ಕೆ ನನ್ನ ಮನಸ್ಸು ಸಂಪೂರ್ಣವಾಗಿ ಒಪ್ಪಿತು. ಅಲ್ಲಿಯ ಪುಸ್ತಕಗಳಲ್ಲಿ ಬರೆದವರು, ತಿದ್ದಿದವರು, ಚಿತ್ರ ಮಾಡಿದವರು, ನಕ್ಷೆ ಎಳೆದವರು, ಎಲ್ಲರ ಹೆಸರನ್ನೂ ಮೊದಲ ಪುಟದಲ್ಲಿಯೇ ಅಚ್ಚು ಹಾಕಿರುತ್ತಾರೆ. ಹುಡುಗಿ ತನ್ನ ಪುಸ್ತಕವನ್ನು ತಂದು ತೋರಿಸಿದಳು. ಕೆಲಸ ಹೋದವರು ತಮ್ಮ ಸುದ್ದಿಯನ್ನು ತಾವೇ ಹೇಳಿಕೊಂಡಾಗ ಅಭಿಮಾನಿಗಳು ಪುಸ್ತಕ ತೆಗೆದು, ಈ ನಕ್ಷೆ ಇವರದು, ಆ ಕಥೆ ಅವರದು ಎಂದು ಗುರುತು ಹಿಡಿದರು. ಇವರಿಗೆ ಯಾರಾದರೂ ಕೆಲಸ ಕೊಡಿರೆಂದು ಸಾರಿದರು. ಹೊರಬಿದ್ದವರು ಸ್ವಂತವಾಗಿ ಬರೆದದ್ದನ್ನು ಹುಡುಕಿ ಕೊಂಡರು. ನಮ್ಮ ಹುಡುಗಿಯೂ ಅವಳ ನಾಲ್ವರು ಗೆಳತಿಯರೂ ಕೈಖರ್ಚಿನ ಹಣ ಕೂಡಿಸಿ ಅಂಥದೊಂದು ಸಣ್ಣ ಕಥಾಪುಸ್ತಕವನ್ನು ತರಿಸಿಕೊಂಡು ಒಂದು ತಿಂಗಳು ಆಡಿದರು. ಆ ಹಣದಿಂದ ಯಾರ ಮನೆಯ ಬಾಡಿಗೆಯೂ ಸಂದಿರಲಾರದು. ಆದರೂ ವಿಳಾಸ ಸರಿಯಾಗಿತ್ತು. ಅತ್ತೆಯ ಎರಡನೆಯ ಕಾರ್ಡಿಗೆ ಇಲ್ಲದಿದ್ದುದು ಅದೇ.

ಆ ಕಾರ್ಡುಗಳ ಕಥೆಯನ್ನು ನಾನು ಹೇಳಿದ ಮೇಲೆ ಹುಡುಗಿಯು ಬೇಸಗೆಯ ರಜೆಯಲ್ಲಿ ಕೋಟೆಗೆ ಹೋಗಿ ಅಟ್ಟದ ಕಟ್ಟುಗಳನ್ನು ಇಳಿಸಿದಳು. ಒಂದೊಂದು ಚಿತ್ರದ ಮೂಲೆಯನ್ನೂ ಭೂತಗನ್ನಡಿಯಲ್ಲಿ ನೋಡಿ, ಸಂಚಿಕೆಯ ರಟ್ಟಿನ ಒಳಬದಿಯಲ್ಲಿ ಚೀಟಿ ಅಂಟಿಸಿ, ಹೆಸರು ಬರೆಯುತ್ತಿದ್ದಾಳೆ. ಶಂಕರ್, ಚಿತ್ರಾ, ಅಂದರೆ ಟಿ. ವಿ. ರಾಘವನ್, ವಪಾ, ಅಂದರೆ ವಡ್ಡಾದಿ ಪಾಪಯ್ಯ, ನಾವು ಕೊಳ್ಳುವುದಕ್ಕೆ ಮುಂಚಿನವು ಕೆಲವು, ಚಿಕ್ಕಪ್ಪನವರು ಎಲ್ಲಿಂದಲೋ ಸಂಪಾದಿಸಿದ್ದು, ಅವುಗಳಲ್ಲಿ ಮಹಾಭಾರತದ ಮುಖಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು. ಆಚಾರ್ಯರು ಕನ್ನಡ ನಾಡಿನವರೇ. ಮುಂದೆ ಬೆಂಗಳೂರಿನಲ್ಲಿದ್ದು ಅಂಚೆಯ ಮೂಲಕ ಎಷ್ಟೋ ಮಂದಿಗೆ ಚಿತ್ರವಿದ್ಯೆಯನ್ನು ಕಲಿಸಿದರು. ಒಂದು ಕಟ್ಟಿನಲ್ಲಿ ಮೂಲೆಗಳನ್ನೆಲ್ಲ ಗೆದ್ದಲು ತಿಂದು ಹೆಸರೇ ಇಲ್ಲವಾಗಿತ್ತು. ಅಕ್ಕನು ಕನ್ನಡಕವನ್ನೇರಿಸಿ ಪುಟವನ್ನು ಬೆಳಕಿಗೆ ಹಿಡಿದು, "ಈ ಕುದುರೆಯ ಕಾಲು ನೋಡು, ಚಿತ್ರಾ ಅವರದೇ, ಬರೆದುಕೋ" ಎಂದಳಂತೆ. ಅರವತ್ತು ವರ್ಷ ನೋಡಿದ ಕಣ್ಣು, ನಾವು ನಂಬಿದೆವು.

ಪ್ರತಿಯೊಂದು ಚೀಟಿಯಲ್ಲಿಯೂ 'ಕನ್ನಡ ಬರೆದವರು' ಎಂದು ಒಂದು ಸಾಲನ್ನು ಹಾಕಿ ಅದರ ಮುಂದೆ ಜಾಗ ಬಿಟ್ಟಿದ್ದಾಳೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಯಾರ ತಂದೆಯವರಾಗಲಿ, ತಾತನವರಾಗಲಿ, ದೊಡ್ಡಮ್ಮನವರಾಗಲಿ ಮದರಾಸಿನ ಆ ಕಚೇರಿಯ ಕನ್ನಡ ವಿಭಾಗದಲ್ಲಿ ಕೆಲಸ ಮಾಡಿದ್ದರೆ, ದಯವಿಟ್ಟು ಅವರ ಹೆಸರನ್ನೂ ಇದ್ದ ವರ್ಷಗಳನ್ನೂ ಸಂಪಾದಕರ ಮೂಲಕ ತಿಳಿಸಬೇಕು. ಕಟ್ಟುಗಳು ಕೋಟೆಯಲ್ಲಿಯೇ ಇವೆ. ಮಳೆಗಾಲ ಬರುವುದರೊಳಗಾಗಿ ಅವನ್ನು ಮತ್ತೆ ಅಟ್ಟಕ್ಕೇರಿಸಬೇಕೆಂದು ಅಕ್ಕನ ಅವಸರ.